ನಂಜತ್ತೆ ಹೊಸ ಸೇತುವೆ ದಾಟಿದ್ದು

ಬಸ್ಸು ಯಾವ ಸೇತುವೆಯ ಮೇಲೆ ಬಂದರೂ ಸೀಟಿನಿಂದ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುವ ಚಾಳಿ ನನಗಿದೆ. ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಸಿಟಿ ಬಸ್ಸು ಒಂದು ಫ್ಲೈಓವರ್ ಹತ್ತಿತು. ನಾನು ಬ್ಯಾಗು ಹೆಗಲಿಗೇರಿಸಿ, ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ನಿಂತಿದ್ದವರನ್ನೆಲ್ಲ ಸರಿಸಿಕೊಂಡು ಬಾಗಿಲಿಗೆ ಬಂದುಬಿಟ್ಟೆ. "ಎಲ್ಲಿ ಮೇಡಂ ಇಳಿಯೋದು?" ಎಂದು ಕಂಡಕ್ಟರು ಕೇಳಿದ. ನನ್ನ ಬಾಯಿಂದ ಬಂದದ್ದು "ಕೊರಟಗೆರೆ". ಅವನು ಒಂದು ಗಳಿಗೆ ನನ್ನ ಮುಖ ನೋಡಿ, "ಅದಕ್ಕಿನ್ನೂ ಭಾಳ ಟೈಮಿದೆ, ಕೂತ್ಕೊಳ್ಳಿ" ಎಂದ. ನನ್ನ ಸೀಟಿನಲ್ಲಿ ಆಗಲೇ ಬೇರೆಯವರು ಕೂತಿದ್ದರು.

ಇದು ನನ್ನೊಬ್ಬಳ ಚಾಳಿಯಲ್ಲ, ನಮ್ಮೂರಿನ ಚಾಳಿ. ತುಮಕೂರಿನ ಕಡೆಯಿಂದ ಕೊರಟಗೆರೆಗೆ ಬರುವವರು ಸುವರ್ಣಮುಖಿ ಹೊಳೆಯ ಹಳೆ ಸೇತುವೆ ದಾಟಬೇಕು. ದಾಟಿದರೆ ಊರು. ಸೇತುವೆಯ ಮೇಲೆಯೇ ಎದ್ದು ನಿಂತವರು ಸಲೀಸಾಗಿ ಇಳಿಯುತ್ತಿದ್ದರು, ಕೂತೇ ಇದ್ದವರು ಹತ್ತುವವರ ಮೊಣಕೈಗೆ ಸಿಕ್ಕಿ ಒದ್ದಾಡುತ್ತಿದ್ದರು. ನಾನು ತುಮಕೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ. ಸಂಜೆ ಬಸ್ಸು ಹತ್ತಿದ ಮೇಲೆ, ಗ್ಯಾಸಿನ ನಲ್ಲಿ ತಿರುಗಿಸಿ ಬಂದೆನೋ ಇಲ್ಲವೋ ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ದಾರಿಯುದ್ದಕ್ಕೂ ಕಾಲೇಜಿಗೆ ಬೆಂಕಿ ಬಿದ್ದಂತೆ, ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರು ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದಂತೆ ಕಣ್ಣಿಗೆ ಕಟ್ಟುತ್ತದೆ. ಹಳೆ ಸೇತುವೆ ಬಂತೆಂದರೆ ಲ್ಯಾಬಿನ ಚಿಂತೆ ಅಲ್ಲಿಗೆ ಮುಗಿದು ಮನೆಯ ಚಿಂತೆ ಶುರುವಾಗುತ್ತಿತ್ತು. ಒಂದೇ ಸಲಕ್ಕೆ ಎರಡನ್ನೂ ಹೊರುವ ಕಷ್ಟದಿಂದ ನನ್ನನ್ನು ಆ ಸೇತುವೆ ಎಷ್ಟೋ ವರ್ಷ ಕಾಪಾಡಿದೆ.

ಹಳೆ ಸೇತುವೆ ಅಗಲವೇನಲ್ಲ. ಎದುರಿಗೆ ಒಂದು ಲಾರಿ ಬಂದರೆ ಈ ಕಡೆಯ ಬಸ್ಸು ಕಾಯಬೇಕು. ಕಾಯುವುದು ಯಾರು ಎಂಬುದರ ಮೇಲೆ ಡ್ರೈವರುಗಳ ನಡುವೆ ಜಗಳವಾಗುತ್ತಿತ್ತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದಾಡುವಷ್ಟರಲ್ಲಿ ಸೌತೆಕಾಯಿಯವರು, ಮಲ್ಲಿಗೆ ಹೂವಿನವರು, ಬೇಯಿಸಿದ ಕಡಲೆಕಾಯಿಯವರು ಬಸ್ಸಿಗೆ ಮುತ್ತಿಕೊಂಡು ವ್ಯಾಪಾರ ಮುಗಿಸುತ್ತಿದ್ದರು. ಡ್ರೈವರುಗಳ ಜಗಳ ಬೇಗ ಮುಗಿದ ದಿನ ಹೂವಿನವರು ಪೆಚ್ಚು ಮುಖ ಹಾಕಿಕೊಳ್ಳುತ್ತಿದ್ದರು.

ನಾವು ಚಿಕ್ಕವರಿದ್ದಾಗ ಹೊಳೆಗೆ ನೀರು ಬಂತೆಂದರೆ ಊರಿಗೆ ಊರೇ ಸೇತುವೆಯ ಮೇಲೆ ಬಂದು ನಿಲ್ಲುತ್ತಿತ್ತು. ನಮ್ಮ ಕಡೆ ಹೊಳೆಗೆ ನೀರು ಬರುವುದು ನೆಂಟರು ಬಂದಷ್ಟೇ ಅಪರೂಪ, ಹಾಗಾಗಿ ಮರ್ಯಾದೆಯೂ ಹೆಚ್ಚು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಂಪು ನೀರು ತೋರಿಸುತ್ತಿದ್ದರು. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರೆ ನಾನು ಅಪ್ಪನ ಕೂದಲು ಹಿಡಿದುಕೊಂಡು, ಸೇತುವೆ ಬಿದ್ದರೆ ಯಾವ ಕಡೆಗೆ ಓಡುವುದೆಂದು ಯೋಚಿಸುತ್ತಿದ್ದೆ. "ನಿನ್ನ ಮಗ್ಳು ಹುಟ್ಟುವಾಗ್ಲೇ ಎದ್ರುಕೊಂಡು ಹುಟ್ಟವ್ಳೆ ಕಣಣ್ಣಯ್ಯ" ಎಂದು ಪಕ್ಕದಲ್ಲಿ ನಿಂತ ನಂಜತ್ತೆ ನಗುತ್ತಿದ್ದಳು.

ನಂಜತ್ತೆ ಅಪ್ಪನ ಒಬ್ಬಳೇ ತಂಗಿ. ಕೊರಟಗೆರೆಯ ಕೋಟೆ ಬೀದಿಯಲ್ಲಿ ಹುಟ್ಟಿ, ಪಾವಗಡದಿಂದಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಗೆ ಮದುವೆಯಾಗಿ ಹೋದವಳು. ಹೋದ ಹೊಸದರಲ್ಲಿ ಅಲ್ಲಿಯವರ ತೆಲುಗು ಅರ್ಥವಾಗದೆ ಅಳುತ್ತಿದ್ದಳಂತೆ. ಆಮೇಲೆ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಬೇಸಿಗೆಯಲ್ಲಿ ತವರಿಗೆ ಬಂದಾಗ ನಮಗೆಲ್ಲ ತೆಲುಗಿನಲ್ಲಿ ಬೈಯುವುದನ್ನು ಹೇಳಿಕೊಡುತ್ತಿದ್ದಳು. ನಾವು ಅದನ್ನು ಮೇಷ್ಟ್ರ ಬೆನ್ನ ಹಿಂದೆ ಪ್ರಯೋಗ ಮಾಡುತ್ತಿದ್ದೆವು. ಒಂದು ಸಲ ಮೇಷ್ಟ್ರೇ ತೆಲುಗು ಮಾತಿನ ಮಡಕಶಿರಾ ಕಡೆಯವರು ಬಂದಿದ್ದರು. ಆ ಕಥೆ ಈಗ ಬೇಡ.

ಹೊಸ ಸೇತುವೆಯ ವಿಷಯಕ್ಕೆ ಬರುತ್ತೇನೆ. ಊರೊಳಗಿನ ಇಕ್ಕಟ್ಟು ತಪ್ಪಿಸಲು ಊರನ್ನು ಬಳಸಿ ಬೈಪಾಸ್ ಮಾಡಿದರು. ಪಾವಗಡ, ಮಧುಗಿರಿ ಕಡೆಯಿಂದ ಬರುವ ಬಸ್ಸು ಈಗ ಊರಿಗೆ ಮುಂಚೆಯೇ ಹೊರಳಿ, ಗದ್ದೆ ತೋಟಗಳ ನಡುವೆ ಸಾಗಿ, ಹೊಳೆಯ ಮೇಲಿನ ಎತ್ತರದ ಹೊಸ ಸೇತುವೆ ಏರಿ, ಆಚೆ ದಡದಲ್ಲಿ ತುಮಕೂರು ರಸ್ತೆಗೆ ಸೇರುತ್ತದೆ. ಕೊರಟಗೆರೆಯವರನ್ನು ಆ ಕೂಡುರಸ್ತೆಯಲ್ಲೇ ಇಳಿಸುತ್ತಾರೆ. ಅಲ್ಲಿಂದ ಊರಿಗೆ ಬರಬೇಕಾದರೆ ಹಳೆ ರಸ್ತೆಯಲ್ಲಿ ಹಿಂದಕ್ಕೆ ಬಂದು ಹಳೆ ಸೇತುವೆ ದಾಟಬೇಕು. ಊರೊಳಗೆ ಬರುವ ಬಸ್ಸುಗಳೂ ಇವೆ, ಕಡಿಮೆ.

ಬೈಪಾಸ್ ಆದ ಮೇಲೆ ನಮ್ಮ ಬೀದಿಯಲ್ಲಿ ಧೂಳು ಕಡಿಮೆಯಾಯಿತು, ಹಾರನ್ ನಿಂತಿತು, ರಸ್ತೆ ದಾಟುವಾಗ ಎರಡೂ ಕಡೆ ನೋಡುವ ಕೆಲಸ ತಪ್ಪಿತು. ಸಂತೋಷಪಡಬೇಕಾದದ್ದೇ. ಆದರೆ ಅಪ್ಪನಿಗೆ ಮಾತ್ರೆಯ ಹೊತ್ತು ತಪ್ಪಿತು. ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಅವರು ಆಗ ಹಾಸಿಗೆ ಹಿಡಿದಿದ್ದರು. ಗಡಿಯಾರವನ್ನು ಅವರು ಎಂದೂ ನಂಬಿದವರಲ್ಲ. "ಪಾವಗಡ ಬಸ್ಸು ಹೋಯ್ತು, ಬಿಳಿ ಮಾತ್ರೆ ಕೊಡು" ಎನ್ನುತ್ತಿದ್ದರು. ಮಿಡಿಗೇಶಿಯಿಂದ ಬರುವ ಬಸ್ಸಿನ ಹಾರನ್ ಕೇಳಿದರೆ ಕಾಫಿ. ಬಸ್ಸುಗಳು ಬೈಪಾಸು ಹಿಡಿದ ಮೇಲೆ, ನಾನಿಲ್ಲದಾಗ ಅವರನ್ನು ನೋಡಿಕೊಳ್ಳುತ್ತಿದ್ದ ಎದುರು ಮನೆಯವರ ಹತ್ತಿರ ಮಧ್ಯಾಹ್ನದ ಮಾತ್ರೆಯನ್ನು ಬೆಳಿಗ್ಗೆಯೇ ಕೇಳುವುದು, ಕೊಟ್ಟದ್ದನ್ನು ಮತ್ತೆ ಕೇಳುವುದು ಶುರುವಾಯಿತು. ನಾನು ಕಾಲೇಜಿನಲ್ಲಿ ಕೂತು, ಅಪ್ಪ ಎರಡು ಸಲ ಮಾತ್ರೆ ನುಂಗಿಬಿಟ್ಟರೆ ಎಂದು ಹೆದರುತ್ತಿದ್ದೆ. ನನ್ನ ಯಜಮಾನರು ಕಳ್ಳಂಬೆಳ್ಳದ ಶಾಲೆಯಲ್ಲಿ ಮೇಷ್ಟ್ರು. ವಾರಕ್ಕೊಮ್ಮೆ ಬಂದು ಹೋಗುವ ಅವರಿಗೆ ಇದೆಲ್ಲ ನಗೆಯ ವಿಷಯ. ದೂರದಲ್ಲಿ ಇರುವವರಿಗೆ ಧೈರ್ಯ ಜಾಸ್ತಿ.

ಅಪ್ಪ ಬಿದ್ದ ಸುದ್ದಿ ನಂಜತ್ತೆಗೆ ತಡವಾಗಿ ತಿಳಿಸಿದ್ದೆವು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊ ಎಂದರೆ, "ನೋಡೋದೆಲ್ಲಾ ನೋಡಾಯ್ತು" ಎಂದು ಮುಂದೂಡುತ್ತಿದ್ದಳು. ಮಬ್ಬಾಗಿ ಬಣ್ಣ, ಆಕಾರ ಮಾತ್ರ ತಿಳಿಯುತ್ತಿತ್ತು. ಸುದ್ದಿ ಕೇಳಿದ ಮೇಲೆ ಅವಳು ಮಗನ ಮಾತಿಗೂ ಕಾಯದೆ ಹೊರಟು ನಿಂತಳು. ಅಂದು ಬೆಳಿಗ್ಗೆ ಅವಳ ಮಗ ಮಂಜ ಪಾವಗಡದಿಂದ ಫೋನ್ ಮಾಡಿದ.

"ಸುಶೀಲಕ್ಕ, ಅಮ್ಮನ್ನ ಬಸ್ಸು ಹತ್ಸಿದೀನಿ. ನಾನೂ ಬತ್ತೀನಿ ಅಂದ್ರೆ ಕೇಳ್ಳಿಲ್ಲ. ತೌರುಮನೆಗೆ ಹೋಗಾಕೆ ನೀನ್ಯಾಕಲಾ ಅಂದ್ಲು. ಕಂಡಕ್ಟರ್ಗೆ ಹೇಳಿದೀನಿ, ಕೊರಟಗೆರೇಲಿ ಇಳಿಸ್ತಾರೆ."

"ಊರೊಳಗೆ ಬರೋ ಬಸ್ಸು ತಾನೇ ಮಂಜ?"

"ಊ ಕಣಕ್ಕ, ಕೊರಟಗೆರೆ ಅಂತ್ಲೇ ಕೇಳ್ದೆ. ಹೋಗ್ತದೆ ಅಂದ."

ಹೋಗುತ್ತದೆ ಎಂಬ ಮಾತಿಗೆ ಎರಡು ಅರ್ಥವಿದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಯಾವುದಾವುದಕ್ಕೋ ಹೆದರುವ ನಾನು, ಹೆದರಬೇಕಾದದ್ದಕ್ಕೆ ಹೆದರದೆ, ರಜೆ ಹಾಕಿ, ಅತ್ತೆಗೆ ಇಷ್ಟವೆಂದು ಹುರುಳಿಕಾಳಿನ ಬಸ್ಸಾರು ಮಾಡಿ, ನಿಧಾನವಾಗಿ ಬಸ್‌ಸ್ಟ್ಯಾಂಡಿಗೆ ಹೋದೆ.

ಬಸ್‌ಸ್ಟ್ಯಾಂಡು ಬಿಕೋ ಎನ್ನುತ್ತಿತ್ತು. ಒಂದು ಬಸ್ಸು ಬಂತು, ಶಾಲೆಯ ಮಕ್ಕಳು ಇಳಿದರು. ಇನ್ನೊಂದು ಬಂತು, ಅದರಲ್ಲಿ ನಂಜತ್ತೆ ಇರಲಿಲ್ಲ. ಅವಳ ಮೊಬೈಲಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಚಾರ್ಜು ಸವೆದು ಹೋಗುತ್ತದೆಂದು ಅದನ್ನು ಆರಿಸಿ, ಕರ್ಚೀಫಿನಲ್ಲಿ ಗಂಟು ಕಟ್ಟಿ ಚೀಲದ ತಳದಲ್ಲಿಡುವುದು ಅವಳ ಪದ್ಧತಿ. ಹಳೆ ಸೇತುವೆಯಿಂದ ಬಸ್‌ಸ್ಟ್ಯಾಂಡಿಗೆ ಬುಟ್ಟಿ ಎತ್ತಿಕೊಂಡು ಬಂದಿದ್ದ ಹೂವಿನ ಗೌರಮ್ಮ ನನ್ನ ಓಡಾಟ ನೋಡಿ ಕೇಳಿದಳು.

"ಯಾರ್ಗೆ ಕಾಯ್ತಿದೀಯವ್ವಾ?"

"ನಮ್ಮತ್ತೆಗೆ. ಪಾವಗಡದ ಬಸ್ಸು."

"ಪಾವಗಡದ್ದಾ? ಅದು ಒಳೀಕೆ ಬರಾಕಿಲ್ಲ ಕಣಮ್ಮ, ಬೈಪಾಸ್ನಾಗೇ ಹೊಂಟೋಯ್ತದೆ. ಇಷ್ಟೊತ್ಗೆ ತುಮಕೂರು ಸೇರಿರ್ತದೆ."

ಅದೇ ಗಳಿಗೆಯಲ್ಲಿ ಫೋನ್ ಹೊಡೆದುಕೊಂಡಿತು. ಅಪ್ಪ.

"ಬಂದ್ಲಾ?"

"ಬಸ್ಸು ಸ್ವಲ್ಪ ಲೇಟಂತೆ ಅಪ್ಪ."

"ಮದುಗಿರಿ ಬುಟ್ಟೈತಾ?"

"ಬಿಟ್ಟಿದೆಯಂತೆ."

"ಯಾರು ಹೇಳಿದ್ರು?"

ನಾನು ಫೋನ್ ಇಟ್ಟೆ. ಸ್ಟ್ಯಾಂಡಿನ ಮೂಲೆಯಲ್ಲಿ ರಫೀಕ್ ತನ್ನ ಆಟೋದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ. ರಫೀಕ್ ನಮ್ಮೂರಿನಲ್ಲೇ ಹುಟ್ಟಿ ಬೆಳೆದವನು, ತಾಯಿಯ ಕಡೆ ಶಿರಾದವನು. ಪ್ರಪಂಚದಲ್ಲಿ ಯಾವುದಕ್ಕೂ ಗಾಬರಿಯಾಗದ ಮನುಷ್ಯ. ನಾನು ಕಾಲೇಜಿಗೆ ಹೋಗುತ್ತೇನೆಂಬ ಒಂದೇ ಕಾರಣಕ್ಕೆ ನನ್ನನ್ನು ಟೀಚರ್ ಎನ್ನುತ್ತಾನೆ. ಲ್ಯಾಬ್ ಸಹಾಯಕಿ ಎಂದು ತಿದ್ದುವುದನ್ನು ನಾನು ಎಂದೋ ಬಿಟ್ಟಿದ್ದೇನೆ.

"ಬೈಪಾಸ್ ಕೂಡುರಸ್ತೆಗೆ ನಡಿ ರಫೀಕ್, ಬೇಗ. ನಮ್ಮತ್ತೆ ಅಲ್ಲಿ ಇಳಿದುಬಿಟ್ಟಿದಾರೆ. ಕಣ್ಣು ಕಾಣಲ್ಲ."

"ಏನಾಗಲ್ಲ ಬಿಡಿ ಟೀಚರ್. ದೊಡ್ಡೋರು ಅಂದ್ರೆ ಎಲ್ಲಾರೂ ನೋಡ್ಕೋತಾರೆ" ಎನ್ನುತ್ತಾ ಅವನು ನಿಧಾನವಾಗಿ ಚಪ್ಪಲಿ ಹುಡುಕಿದ.

ಹಳೆ ಸೇತುವೆ ದಾಟಿ ಕೂಡುರಸ್ತೆ ತಲುಪುವಷ್ಟರಲ್ಲಿ ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಕೂಡುರಸ್ತೆ ಎಂದರೆ ಬಟಾಬಯಲು. ನೆರಳಿಲ್ಲ, ಕೂರಲು ಕಲ್ಲಿಲ್ಲ. ಲಾರಿಗಳು ಭರ್ರೆಂದು ಹೋದರೆ ಮೈಮೇಲಿನ ಸೆರಗು ಹಾರುತ್ತದೆ. ಅಲ್ಲಿ ಎಳನೀರು ಮಾರುವವನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಇಲ್ಲಿ ಒಬ್ಬರು ವಯಸ್ಸಾದವರು ಇಳಿದ್ರಾ? ಕೈಯಲ್ಲಿ ಹಳದಿ ಚೀಲ?"

"ಇಳಿದ್ರು ಇಳಿದ್ರು. ಕಂಡಕ್ಟರ್ ಜೊತೆ ದೊಡ್ಡ ಜಗ್ಳ. ಇದು ಕೊರಟಗೆರೆ ಅಲ್ಲ, ಊರು ದಾಟಿಸ್ಬುಟ್ಟೆ, ಹಿಂದಕ್ಕೆ ಬುಡು ನನ್ನ ಅಂತ. ಅವ್ನು ಚೀಲ ಕೆಳಗಿಟ್ಟು ಹೊಂಟೋದ."

"ಆಮೇಲೆ?"

"ಊರು ಎತ್ತ ಅಂದ್ರು. ಸೇತುವೆ ದಾಟ್ರಜ್ಜಿ ಅಂದೆ. ನಾನು ಹೇಳಿದ್ದು ಹಳೇ ಸೇತುವೆ. ಗಿರಾಕಿ ಬಂದಿದ್ರು, ಕಾಯಿ ಕೆತ್ತಿ ತಿರುಗಿ ನೋಡಿದ್ರೆ ಆ ಕಡೆ ಹೊಂಟವ್ರೆ." ಅವನು ಮಚ್ಚಿನಿಂದ ಹೊಸ ಸೇತುವೆಯ ಕಡೆ ತೋರಿಸಿದ. "ಕೂಗ್ದೆ. ಲಾರಿ ಸದ್ದಲ್ಲಿ ಕೇಳ್ಸಿಲ್ಲ."

ನನಗೆ ಅತ್ತೆಯ ಲೆಕ್ಕಾಚಾರ ತಟ್ಟನೆ ತಿಳಿಯಿತು. ಬಸ್ಸು ಊರು ದಾಟಿಸಿದೆ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರೆ ಊರು ಸಿಗುತ್ತದೆ. ಅವಳ ಆಯುಸ್ಸಿನಲ್ಲಿ ಬಸ್ಸು ಬರುವ ದಾರಿಯಲ್ಲಿ ಕೊರಟಗೆರೆ ಇಲ್ಲದ ದಿನವೇ ಇರಲಿಲ್ಲ.

ಹೊಸ ಸೇತುವೆಯನ್ನು ನೀವು ನೋಡಿದ್ದರೆ ನನ್ನ ಭಯ ನಿಮಗೆ ಅರ್ಥವಾಗುತ್ತದೆ. ನಡೆಯುವವರು ಇರುತ್ತಾರೆಂದು ಅದನ್ನು ಕಟ್ಟಿದವರಿಗೆ ನೆನಪಾದಂತೆ ಕಾಣುವುದಿಲ್ಲ. ಎರಡು ಕಡೆಯೂ ಕಬ್ಬಿಣದ ಕಂಬಿ, ಅದಕ್ಕೆ ಒತ್ತಿಕೊಂಡೇ ಗಾಡಿಗಳು. ಪಾವಗಡದ ಸೋಲಾರ್ ಪಾರ್ಕಿನ ಕಡೆಗೆ ಹೋಗುವ ಉದ್ದನೆಯ ಲಾರಿಗಳ ಚಕ್ರ ನನ್ನ ಎದೆಮಟ್ಟಕ್ಕೆ ಬರುತ್ತದೆ. ಅಂಥದರಲ್ಲಿ ಮಬ್ಬುಗಣ್ಣಿನ ನಂಜತ್ತೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಡೆದಿದ್ದಾಳೆ.

ಆಟೋ ಸೇತುವೆ ಏರಿತು. ಫೋನ್ ಮತ್ತೆ ಹೊಡೆದುಕೊಂಡಿತು.

"ಎಲ್ಲವ್ಳೆ?"

"ಬಸ್ಸು ಪಂಚರ್ ಆಗಿದೆಯಂತಪ್ಪ. ಟೈರ್ ಬದಲಾಯಿಸ್ತಿದಾರೆ."

"ನಿಂಗ್ಯಾಕೆ ಉಸ್ರು ಕಟ್ತೈತೆ?"

"ಗಾಳಿ ಅಪ್ಪ. ಗಾಳಿ ಜೋರಾಗಿದೆ."

ಗಾಳಿ ಜೋರಾಗಿದ್ದದ್ದು ಮಾತ್ರ ನಿಜ. ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ರಸ್ತೆಯ ತುಂಬ ಕುರಿಯ ಹಿಕ್ಕೆ ಬಿದ್ದಿತ್ತು. "ಥೂ, ನಿನ್ನೆ ತಾನೇ ಗಾಡಿ ತೊಳೆದಿದ್ದೆ" ಎಂದು ರಫೀಕ್ ಗೊಣಗಿದ. ನಡುಸೇತುವೆಗೆ ಬಂದಾಗ ನಾನು ಕಿರುಚಿದೆ. ಕಂಬಿಯ ಬುಡದಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಕಂದು ಬಣ್ಣದ್ದು, ಹಿಮ್ಮಡಿ ಸವೆದದ್ದು, ಬಾರಿಗೆ ಬಿಳಿ ದಾರದಲ್ಲಿ ಹೊಲಿಗೆ ಹಾಕಿದ್ದು.

ಅದು ಅವಳದೇ. ಹೋದ ಸಲ ಅವಳು ಬಂದಿದ್ದಾಗ ಆ ಹೊಲಿಗೆ ಹಾಕಿಸಿಕೊಂಡು ಬಂದವಳು ನಾನೇ.

ರಫೀಕ್ ಆಟೋ ನಿಲ್ಲಿಸುವ ಮುಂಚೆಯೇ ನಾನು ಇಳಿದೆ. ಕೆಳಗೆ ನೋಡಲೆಂದು ಕಂಬಿ ಹಿಡಿದೆ. ನೋಡದೆ ಇರಲಾಗುವುದಿಲ್ಲ, ನೋಡಲು ಧೈರ್ಯವಿಲ್ಲ. ಮೊದಲು ಕಣ್ಣು ಮುಚ್ಚಿಕೊಂಡು ಬಗ್ಗಿದೆ. ಆಮೇಲೆ ಕಣ್ಣು ಬಿಟ್ಟೆ. ಕೆಳಗೆ ಮರಳು, ಅಲ್ಲಲ್ಲಿ ಗುಂಡಿಯ ನೀರು, ಜಾಲಿ ಗಿಡ. ಬೇರೇನೂ ಇಲ್ಲ. ಹಳದಿ ಬಣ್ಣ ಎಲ್ಲಾದರೂ ಕಾಣುವುದೇ ಎಂದು ಹುಡುಕಿದೆ. ಇಲ್ಲ. ಆದರೆ ಸೇತುವೆಯ ನೇರ ಕೆಳಗೆ ಏನಿದೆಯೆಂದು ಮೇಲಿನಿಂದ ಕಾಣುವುದಿಲ್ಲವಲ್ಲ. ನನ್ನ ಮನಸ್ಸು ಅಲ್ಲಿಗೆ ಹೋಗಿ ನಿಂತುಬಿಟ್ಟಿತು. ಅಪ್ಪನಿಗೆ ಏನು ಹೇಳುವುದು? ಮಂಜನಿಗೆ? ತಂಗಿಯನ್ನು ನೋಡಬೇಕೆಂದು ಅಪ್ಪ ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು ಕೂತಿದ್ದರು.

"ಟೀಚರ್, ಅಲ್ಲಿ ನೋಡಿ" ಎಂದ ರಫೀಕ್. ಮೊದಲ ಬಾರಿಗೆ ಅವನ ದನಿಯೂ ಸಣ್ಣಗಾಗಿತ್ತು. ಅವನು ತೋರಿಸಿದ ಕಡೆ, ಸೇತುವೆಯ ಕೊನೆಯಲ್ಲಿ, ಒಂದೊಂದೇ ಕುರಿ ಇಳಿಜಾರಿನಲ್ಲಿ ಇಳಿದು ಸೇತುವೆಯ ಅಡಿಗೆ ಹೋಗಿ ಮರೆಯಾಗುತ್ತಿತ್ತು. "ಕುರಿಯೋರು ಇದ್ದಾರೆ. ಅವ್ರನ್ನ ಕೇಳೋಣ. ಅವ್ರು ನೋಡಿರ್ತಾರೆ."

ಸೇತುವೆ ಕಟ್ಟುವಾಗ ಜಲ್ಲಿ ಗಾಡಿಗಳು ಓಡಾಡಿ ಆದ ಮಣ್ಣಿನ ದಾರಿಯೊಂದು ಹೊಳೆಗೆ ಇಳಿಯುತ್ತದೆ. ಆಟೋ ಅದರಲ್ಲಿ ಎದ್ದು ಬಿದ್ದು ಇಳಿಯಿತು. ನಾನು ಆ ಒಂಟಿ ಚಪ್ಪಲಿಯನ್ನು ಮಡಿಲಲ್ಲಿ ಅವಚಿಕೊಂಡಿದ್ದೆ. ಸೇತುವೆಯ ಅಡಿಯ ನೆರಳು ಅಗಲವಾಗಿ, ತಂಪಾಗಿ ಹಾಸಿಕೊಂಡಿತ್ತು. ಅದರ ತುಂಬ ಕುರಿಗಳು ಮಲಗಿದ್ದವು. ಕುರಿಗಳ ನಡುವೆ, ಕಂಬಳಿಯ ಮೇಲೆ, ಕಾಲು ನೀಡಿ ಕೂತು, ಲೋಟದಲ್ಲಿ ಮಜ್ಜಿಗೆ ಕುಡಿಯುತ್ತಾ ನಂಜತ್ತೆ ತೆಲುಗಿನಲ್ಲಿ ಹರಟುತ್ತಿದ್ದಳು. ಪಕ್ಕದಲ್ಲಿ ಕುರಿ ಕಾಯುವ ಗಂಡ ಹೆಂಡತಿ ನಗುತ್ತಿದ್ದರು.

ನಾನು "ಅತ್ತೇ" ಎಂದೆ.

ಅವಳು ದನಿ ಬಂದ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು. "ಸುಸೀಲಾ? ಏನೇ ಇಷ್ಟೊತ್ತು? ನಿಮ್ಮೂರ್ನ ಎಲ್ಲಿ ಎತ್ತಿ ಇಟ್ಕೊಂಡ್ರೇ? ನಾನು ಹುಟ್ಟಿದೂರು ನಂಗೇ ಸಿಗ್ನಿಲ್ವಲ್ಲೇ!"

ನಾನು ಅವಳ ಪಕ್ಕ ಕುಸಿದು ಕೂತು ಅಳಲು ಶುರುಮಾಡಿದೆ. ಅವಳು ನನ್ನ ತಲೆ ತಡವಿ, ಕುರಿಯವಳಿಗೆ ಹೇಳಿದಳು. "ಚಿನ್ನಪ್ಪಟಿನಿಂಚಿ ಅಂತೇನಮ್ಮಾ ಇದಿ." ಚಿಕ್ಕಂದಿನಿಂದ ಇವಳು ಹೀಗೇ ಎಂದು. ಅಷ್ಟು ತೆಲುಗು ನನಗೂ ಬರುತ್ತದೆ.

ನಡೆದದ್ದು ಇಷ್ಟು. ಬಸ್ಸಿನಲ್ಲಿ ಕಂಡಕ್ಟರು "ಕೊರಟಗೆರೆ ಬೈಪಾಸ್" ಎಂದಾಗ, "ನಂಗ್ಯಾಕಪ್ಪಾ ಬೈಪಾಸು, ನನ್ನೆದೆ ಗಟ್ಟಿಗೈತೆ, ಊರಿಗೆ ಬುಡು" ಎಂದಿದ್ದಾಳೆ. ಬಸ್ಸಿನವರೆಲ್ಲ ನಕ್ಕಿದ್ದಾರೆ. ನಕ್ಕದ್ದಕ್ಕೆ ಸಿಟ್ಟು ಬಂದು ಜಗಳವಾಡಿ ಇಳಿದು ಸೇತುವೆ ಹತ್ತಿದ್ದಾಳೆ. ನಡುವೆ ಒಂದು ಲಾರಿ ಕಿವಿಯ ಹತ್ತಿರವೇ ಹಾರನ್ ಹೊಡೆದು ಹೋದಾಗ ಕಂಬಿ ತಬ್ಬಿಕೊಂಡು ಕೂತುಬಿಟ್ಟಿದ್ದಾಳೆ.

"ಆವಾಗ ಎದ್ರಿಕೆ ಆಯ್ತಾ ಅತ್ತೆ?"

"ಆಯ್ತು ಕಣೇ" ಎಂದಳು. ಅವಳ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಮುಂದ್ಕೂ ಹೋಗಾಕಿಲ್ಲ, ಹಿಂದ್ಕೂ ಹೋಗಾಕಿಲ್ಲ. ಅಣ್ಣಯ್ಯನ್ ಮೊಕ ನೋಡ್ದೆ ಇಲ್ಲೇ ಹೊಂಟೋಯ್ತೀನಿ ಅನ್ನುಸ್ತು."

ಅಷ್ಟರಲ್ಲಿ ಹಿಂದಿನಿಂದ ಕುರಿಮಂದೆ ಬಂದಿದೆ. ಹಿಂಡಿನ ಹಿಂದೆ ಲಾರಿ, ಬಸ್ಸುಗಳೆಲ್ಲ ಸಾಲಾಗಿ ನಿಂತು ಹಾರನ್ ಹೊಡೆಯುತ್ತಿದ್ದರೂ ಕುರಿಗಳು ತಮ್ಮ ಪಾಡಿಗೆ ತಾವು ರಸ್ತೆ ತುಂಬಿಕೊಂಡು ನಡೆದಿವೆ. ಕುರಿಯವಳು ಅತ್ತೆಯ ಬಳಿ ಬಂದು ತೆಲುಗಿನಲ್ಲಿ ಯಾವೂರು ಎಂದು ಕೇಳಿದ್ದಾಳೆ. ಊರಿನ ಹೆಸರು ಕೇಳಿದ್ದೇ, ಅದು ತಮ್ಮ ಪಕ್ಕದೂರು ಎಂದು ಕೈ ಹಿಡಿದು ಎಬ್ಬಿಸಿ ಮಂದೆಯ ನಡುವೆ ಸೇರಿಸಿಕೊಂಡಿದ್ದಾಳೆ.

"ಸುತ್ತಾ ಕುರಿ ಕಣೇ, ನಾನು ನಡುಮಧ್ಯ. ಒಂದು ಲಾರೀನಾದ್ರೂ ಅತ್ರ ಬರ್ಬೇಕಲ್ಲ! ಕುರಿ ಮೈ ಮುಟ್ಕೊಂಡು ಮುಟ್ಕೊಂಡು ದಾಟ್ದೆ. ಎಲ್ಲೋ ಚಪ್ಲಿ ಬಿದ್ದೋಯ್ತು, ಬಗ್ಗಾಕಾಯ್ತದಾ? ಪೋನೀಲೆ, ಹೋದ್ರೆ ಹೋಯ್ತು ಅಂದೆ. ಮದ್ವೇಲೂ ನಂಗೆ ಅಷ್ಟು ಜನ ಮೆರವಣಿಗೆ ಬಂದಿರ್ನಿಲ್ಲ."

ಕುರಿಯವರಿಗೆ ಹೇಗೆ ಕೃತಜ್ಞತೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗಿ ಎಂದೆ. "ಇವನ್ನೆಲ್ಲಾ ನಿಮ್ಮ ಅಂಗಳದಲ್ಲಿ ಕಟ್ಟಾಕಾಯ್ತದಾ ತಾಯೀ?" ಎಂದು ಆಕೆಯ ಗಂಡ ಮಂದೆಯ ಕಡೆ ಕೈ ತೋರಿಸಿದ. ನಾನು ಒಂದು ಗಳಿಗೆ ನಿಜವಾಗಿಯೂ ಅಂಗಳದ ಅಳತೆಯನ್ನು ಯೋಚಿಸಿದೆ.

ಮನೆಯ ಮುಂದೆ ಆಟೋ ನಿಂತಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಆಪರೇಷನ್ ಆದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಿ ಎಂದರೆ ನೋವೆಂದು ಹಾಸಿಗೆ ಬಿಡದವರು, ಈಗ ವಾಕರ್ ಊರಿಕೊಂಡು, ಬೆವೆತು, ಒಂದು ಭುಜವನ್ನು ಬಾಗಿಲವಾಡಕ್ಕೆ ಒರಗಿಸಿ ನಿಂತಿದ್ದರು. ಒಂದು ಗಂಡಾಂತರ ಮುಗಿಯಿತೆಂದರೆ ಇನ್ನೊಂದು ಹೊಸಿಲ ಮೇಲೆ ನಿಂತಿತ್ತು.

"ಅಪ್ಪಾ, ಅಲ್ಲೇ ಇರಿ, ಬೀಳ್ತೀರಿ!"

ಅವರು ನನ್ನ ಕಡೆ ನೋಡಲೇ ಇಲ್ಲ. "ನಂಜೀ, ಪಂಚರ್ ಹಾಕಿದ್ರಾ?" ಎಂದರು.

"ಯಾವ ಪಂಚರು ಅಣ್ಣಯ್ಯ? ನಾನು ಕುರಿ ಜೊತೆ ಬಂದೆ" ಎಂದು ಅತ್ತೆ ಇದ್ದದ್ದೆಲ್ಲವನ್ನೂ ಬೀದಿಯಲ್ಲಿ ನಿಂತೇ ಹೇಳಿಬಿಟ್ಟಳು. ಲಾರಿ, ಕಂಬಿ, ಚಪ್ಪಲಿ ಯಾವುದನ್ನೂ ಬಿಡಲಿಲ್ಲ. ಅಪ್ಪನಿಗೆ ಇದನ್ನೆಲ್ಲ ತಿಳಿಸಬಾರದೆಂದು ನಾನು ಅವಳ ಸೆರಗು ಎಳೆದೆ. ಅವಳು ನನ್ನ ಕೈ ಕೊಡವಿ ಮುಂದುವರಿಸಿದಳು. ಕೇಳಿ ಮುಗಿಸಿದ ಅಪ್ಪ ತಂಗಿಯ ಬರಿಗಾಲನ್ನೂ ನನ್ನ ಕೈಯಲ್ಲೇ ಉಳಿದಿದ್ದ ಚಪ್ಪಲಿಯನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವಳ ಕಾಲ್ಗೆ ನೀರು ಕೊಡು. ಸುಳ್ಳು ಹೇಳಾಕೆ ಬರ್ದಿದ್ರೆ ಫೋನ್ ಎತ್ಬಾರ್ದು" ಎಂದರು.

ಅತ್ತೆ ಇದ್ದಷ್ಟು ದಿನವೂ ಅಣ್ಣ ತಂಗಿಯರ ಜಗಳ ನಿಲ್ಲಲಿಲ್ಲ. ವಾಕರಿನಲ್ಲಿ ನಡೆ ಎಂದು ಇವಳು, ಕಣ್ಣಿನ ಆಪರೇಷನ್ ಮಾಡಿಸಿಕೊ ಎಂದು ಅವರು. "ನೀನು ಬೀದಿ ಕೊನೆ ಮುಟ್ಟು, ನಾನು ಕಣ್ಣು ಕೊಡ್ತೀನಿ ಡಾಕ್ಟ್ರಿಗೆ" ಎಂದು ಅತ್ತೆ ಪಂಥ ಕಟ್ಟಿದಳು. ಅಪ್ಪ ಹಲ್ಲು ಕಚ್ಚಿ ದಿನಕ್ಕಷ್ಟು ನಡೆದರು. ಅವರ ಹಿಂದೆ ನಾನು ಎರಡೂ ಕೈ ಚಾಚಿಕೊಂಡು, ಈಗ ಬಿದ್ದಾರು ಆಗ ಬಿದ್ದಾರು ಎಂದು ನಡೆದೆ. ಎದುರು ಮನೆಯವರು ನನ್ನನ್ನು ನೋಡಿ ನಕ್ಕರು.

ಅತ್ತೆ ಹೊರಡುವ ದಿನ ಕರೆದುಕೊಂಡು ಹೋಗಲು ಮಂಜ ಬರಬೇಕಾಗಿತ್ತು, ಬರಲಾಗಲಿಲ್ಲ. ನಾನೇ ಪಾವಗಡದವರೆಗೆ ಜೊತೆಗೆ ಹೋಗುತ್ತೇನೆಂದೆ. ಅತ್ತೆ ಬೇಡವೆನ್ನಲಿಲ್ಲ. ಬಸ್ಸು ಸಿಗುವುದು ಕೂಡುರಸ್ತೆಯಲ್ಲಿ. ನಾನೂ ಬರುತ್ತೇನೆಂದು ಅಪ್ಪ ಹಟ ಹಿಡಿದು ಆಟೋದಲ್ಲಿ ಕೂತರು. ಹಳೆ ಸೇತುವೆ ದಾಟಿ ಕೂಡುರಸ್ತೆ ಸೇರಿದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ರಫೀಕು, ಆ ಸೇತುವೆ ಮ್ಯಾಕೆ ಒಂದ್ಸಾರಿ ಕರ್ಕೊಂಡೋಗು. ನನ್ನ ತಂಗಿ ಎಲ್ಲಿ ಕೂತಿದ್ಲೋ ನೋಡ್ತೀನಿ" ಎಂದರು ಅಪ್ಪ.

ಅಲ್ಲಿ ಗಾಡಿ ನಿಲ್ಲಿಸಬಾರದು, ಅಪಾಯ ಎಂದು ನಾನು ಹೇಳಿದ್ದನ್ನು ಮೂವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಡುಸೇತುವೆಯಲ್ಲಿ ರಫೀಕ್ ಅಂಚಿಗೆ ಒತ್ತಿ ನಿಲ್ಲಿಸಿದ. ನಾನು ಇಳಿದು, ಆಟೋದ ಹಿಂದೆ ನಿಂತು, ಬರುವ ಲಾರಿಗಳಿಗೆಲ್ಲ ರಫೀಕನ ಕೆಂಪು ಟವೆಲು ಬೀಸತೊಡಗಿದೆ. ಅಪ್ಪ ಕಂಬಿ ಹಿಡಿದು ಇಳಿದರು. ಅತ್ತೆ ಅವರ ತೋಳು ಹಿಡಿದುಕೊಂಡಳು. ಯಾರನ್ನು ಯಾರು ಹಿಡಿದಿದ್ದರೆಂದು ಹೇಳುವುದು ಕಷ್ಟ.

ಅಪ್ಪ ಊರಿನ ಕಡೆ ತಿರುಗಿದರು. ಹುಟ್ಟಿದಂದಿನಿಂದ ಊರೊಳಗೇ ಇದ್ದವರು ಊರನ್ನು ಹೊರಗಿನಿಂದ, ಅಷ್ಟು ಎತ್ತರದಿಂದ ಎಂದೂ ನೋಡಿರಲಿಲ್ಲ. ನಾನೂ ಟವೆಲು ಬೀಸುತ್ತಲೇ ಒಮ್ಮೆ ತಿರುಗಿ ನೋಡಿದೆ. ಬೆಟ್ಟ, ಅದರ ಮೇಲೆ ಮುರಿದ ಕೋಟೆಗೋಡೆ, ಅದರ ಬುಡದಲ್ಲಿ ತೆಂಗಿನ ಮರಗಳ ನಡುವೆ ಹೆಂಚು, ತಾರಸಿ, ನೀರಿನ ಟ್ಯಾಂಕು, ದೇವಸ್ಥಾನದ ಗೋಪುರ. ಇಡೀ ಊರು ಒಂದು ಬೊಗಸೆಯಲ್ಲಿ ಹಿಡಿಯುವಷ್ಟಿತ್ತು.

"ಏನು ಕಾಣ್ತೈತೆ ಅಣ್ಣಯ್ಯ?" ಅತ್ತೆ ಕೇಳಿದಳು.

"ಊರು ಕಣಮ್ಮಿ. ಇಡೀ ಊರು."

"ನಮ್ಮನೆ?"

ನಾನು ಕಣ್ಣು ಕಿರಿದು ಮಾಡಿ ಹುಡುಕಿದೆ. ಕೋಟೆ ಬೀದಿ ಕಾಣುವಂತೆಯೇ ಇರಲಿಲ್ಲ. ತೆಂಗಿನ ಮರಗಳು, ಅದರ ಮುಂದೆ ಯಾರದೋ ಮೂರು ಅಂತಸ್ತಿನ ಹೊಸ ಕಟ್ಟಡ.

"ಕಾಣ್ತೈತೆ" ಎಂದರು ಅಪ್ಪ.

"ಚೆನ್ನಾಗಿ ಕಾಣ್ತೈತಾ?"

"ಊ. ಜಗಲಿ ಕಾಣ್ತೈತೆ."

ಅತ್ತೆ ಅಣ್ಣ ನೋಡುತ್ತಿದ್ದ ಕಡೆಗೇ ಮುಖ ಮಾಡಿ, ಮಬ್ಬುಗಣ್ಣನ್ನು ಅಗಲವಾಗಿ ತೆರೆದು ನಿಂತಳು. ಗಾಳಿಗೆ ಅವಳ ಸೆರಗು ಅಪ್ಪನ ಹೆಗಲ ಮೇಲೆ ಹಾರುತ್ತಿತ್ತು. ಹಿಂದೆ ಒಂದು ಲಾರಿ ಸಿಟ್ಟಿನಿಂದ ಹಾರನ್ ಹೊಡೆಯಿತು. ನಾನು ಟವೆಲು ಇನ್ನೂ ಜೋರಾಗಿ ಬೀಸಿದೆ.

"ಬಾಗ್ಲು ತೆಗ್ದೈತಾ?" ಎಂದಳು ಅತ್ತೆ.

"ತೆಗ್ದೈತೆ" ಎಂದರು ಅಪ್ಪ.